‘ವಿಕ್ಟರಿ ಸಿಟಿ’ ಕಾದಂಬರಿಯಲ್ಲಿ ಶೈಲಿ ಮತ್ತು ವಸ್ತು: ಕಂಪ್ಲಿ–ಹಂಪೆಗಳ ನೆಲೆಯಿಂದ ಒಂದು ಪರಿಶೀಲನೆ

ಕಾದಂಬರಿಯಲ್ಲಿ ಶೈಲಿ ಮೇಲೋ ವಸ್ತು ಮೇಲೋ ಎಂಬ ವಾದ ನಮ್ಮ ಕಾಲೇಜುಗಳ ಸಾಹಿತ್ಯ ಸಂಘಗಳಲ್ಲಿ ಹಳೆಯದು. ಇತಿಹಾಸದ ಅಧ್ಯಾಪಕರಾದ ನಾವು ಆ ವಾದಕ್ಕೆ ಕೈಹಾಕುವುದು ಅನಧಿಕಾರ ಪ್ರವೇಶವೆಂದು ಕೆಲವರಿಗೆ ತೋರಬಹುದು. ಆದರೆ ಕಾದಂಬರಿಯೊಂದು ನಾವು ದಿನವೂ ತುಳಿಯುವ ನೆಲವನ್ನೇ ವಸ್ತುವಾಗಿ ಆರಿಸಿಕೊಂಡು, ಕಂಪ್ಲಿಯ ಬೆಂಕಿಯಿಂದ ಆರಂಭವಾಗಿ ಹಂಪೆಯ ಪತನದಲ್ಲಿ ಮುಗಿದು, ಜಗತ್ತಿನ ನಾನಾ ಭಾಗಗಳಲ್ಲಿ ಓದುಗರನ್ನು ಪಡೆದಿರುವಾಗ, ಹೊಸಪೇಟೆಯ ಆಸುಪಾಸಿನಲ್ಲಿ ಪಾಠ ಹೇಳುವವರು ಸುಮ್ಮನಿರುವುದು ಉಚಿತವೆನಿಸದು. ಸಲ್ಮಾನ್ ರಶ್ದಿಯವರ ‘ವಿಕ್ಟರಿ ಸಿಟಿ’ 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅದನ್ನು ಓದಿದ ನಮ್ಮ ಸಹೋದ್ಯೋಗಿಗಳಲ್ಲಿ ಎರಡು ಪಂಗಡಗಳಾದುವು. ಶೈಲಿ ಸೊಗಸಾಗಿದೆ, ಇತಿಹಾಸವಿಲ್ಲ ಎಂದರು ಒಂದು ಪಂಗಡದವರು. ಕಾದಂಬರಿಯಲ್ಲಿ ಇತಿಹಾಸವನ್ನು ಹುಡುಕುವುದೇ ತಪ್ಪು, ಶೈಲಿಯೇ ಸಾಕು ಎಂದರು ಇನ್ನೊಂದು ಪಂಗಡದವರು. ಈ ಎರಡು ಅಭಿಪ್ರಾಯಗಳೂ ಪುಸ್ತಕವನ್ನು ಆಕರಗಳ ಪಕ್ಕದಲ್ಲಿಟ್ಟು ನೋಡದೆ ಆಡಿದವು ಎಂಬುದು ನಮ್ಮ ತಿಳಿವಳಿಕೆ.

ಮೊದಲು, ಪುಸ್ತಕವನ್ನು ಓದದವರಿಗಾಗಿ ಕಥೆಯ ಸ್ಥೂಲರೂಪವನ್ನು ಹೇಳಬೇಕು. ಕಂಪಿಲರಾಯನ ರಾಜ್ಯ ದೆಹಲಿಯ ಸೈನ್ಯಕ್ಕೆ ಸೋತ ದಿನ ಅಲ್ಲಿನ ಹೆಂಗಸರು ಒಟ್ಟಾಗಿ ಬೆಂಕಿಗೆ ಬೀಳುತ್ತಾರೆ. ಅವರಲ್ಲಿ ಕುಂಬಾರಿಕೆಯಿಂದ ಬದುಕುತ್ತಿದ್ದ ಒಬ್ಬ ತಾಯಿಯೂ ಇದ್ದಾಳೆ. ಅವಳ ಒಂಬತ್ತು ವರ್ಷದ ಮಗಳು ಪಂಪಾ ಕಂಪನಾ ಅದನ್ನು ಕಣ್ಣಾರೆ ಕಾಣುತ್ತಾಳೆ. ದೇವಿ ಆ ಬಾಲೆಯ ಬಾಯಿಂದ ಮಾತನಾಡಿ ಅವಳಿಗೆ 247 ವರ್ಷಗಳ ಆಯುಷ್ಯವನ್ನು ಕೊಡುತ್ತಾಳೆ. ಮುಂದೆ ಹುಕ್ಕ ಮತ್ತು ಬುಕ್ಕ ಎಂಬ ಸಹೋದರರಿಗೆ ಪಂಪಾ ಕಂಪನಾ ಒಂದು ಚೀಲ ಬೀಜವನ್ನು ಕೊಡುತ್ತಾಳೆ. ಅವರು ಬಿತ್ತಿದ ಬೀಜದಿಂದ ನಗರವೇ ಮೊಳೆತು ಏಳುತ್ತದೆ. ನೆನಪೇ ಇಲ್ಲದ ಅದರ ಜನರ ಕಿವಿಯಲ್ಲಿ ಅವಳು ಪಿಸುಗುಟ್ಟಿ ಅವರವರ ಪೂರ್ವಕಥೆಯನ್ನು ತುಂಬುತ್ತಾಳೆ. ರಾಣಿಯಾಗಿ, ದೇಶಭ್ರಷ್ಟಳಾಗಿ, ಮತ್ತೆ ಆಸ್ಥಾನದವಳಾಗಿ, ಕೊನೆಗೆ ಕೃಷ್ಣದೇವರಾಯನ ಅಪ್ಪಣೆಯಿಂದ ಕಣ್ಣು ಕಳೆದುಕೊಂಡವಳಾಗಿ, ಅವಳು ‘ಜಯಪರಾಜಯ’ವೆಂಬ ಸಂಸ್ಕೃತ ಮಹಾಕಾವ್ಯವನ್ನು ಬರೆದು ಗಡಿಗೆಯಲ್ಲಿಟ್ಟು ಹೂಳುತ್ತಾಳೆ. 1565ರಲ್ಲಿ ನಗರ ಅಳಿಯುತ್ತದೆ. ಶತಮಾನಗಳ ಮೇಲೆ ದೊರೆತ ಆ ಕಾವ್ಯವನ್ನು ಸರಳ ಗದ್ಯದಲ್ಲಿ ಸಂಗ್ರಹಿಸಿ ಹೇಳುತ್ತಿರುವೆನೆಂದು ನಿರೂಪಕನ ನಟನೆ.

ಈ ನಟನೆಯೇ ಪುಸ್ತಕದ ಶೈಲಿಯ ಮೂಲ. ನಿರೂಪಕ ತಾನು ಪಂಡಿತನೂ ಅಲ್ಲ ಕವಿಯೂ ಅಲ್ಲವೆಂದು ವಿನಯ ತೋರುತ್ತಾನೆ. ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳ ಕಾವ್ಯದಲ್ಲಿ ಇಷ್ಟನ್ನು ಬಿಟ್ಟೆ, ಇಷ್ಟನ್ನು ಉಳಿಸಿದೆ ಎನ್ನುತ್ತಾನೆ. ಅಲ್ಲಲ್ಲಿ ತಾನೇ ಸಂದೇಹಪಡುತ್ತಾನೆ. ರಾಜರ ಬಾಯಲ್ಲಿ ಇಂದಿನ ಹರಟೆಯ ಮಾತನ್ನು ಆಡಿಸಿ ನಗುತ್ತಾನೆ. ಪುರಾಣಶ್ರವಣಕ್ಕೆ ಕುಳಿತವರಿಗೆ ಈ ಧಾಟಿ ಹೊಸದಲ್ಲ. ಸೂತನು ಶೌನಕಾದಿಗಳಿಗೆ ಹೇಳಿದನೆಂಬ ಕಥೆಯನ್ನು ಪುರಾಣಿಕರು ನಮಗೆ ಹೇಳುವಾಗ ನಡುನಡುವೆ ಊರ ಸುದ್ದಿಯನ್ನೂ ಸೇರಿಸುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ‘ಮಿಡ್‌ನೈಟ್ಸ್ ಚಿಲ್ಡ್ರನ್’ ಕಾದಂಬರಿಗೆ 1981ರಲ್ಲಿ ಬೂಕರ್ ಬಹುಮಾನ ಬಂದಾಗಿನಿಂದ ರಶ್ದಿಯವರ ಗದ್ಯ ಪ್ರಸಿದ್ಧವಾದದ್ದು ಅದರ ತುಂಬಿ ಹರಿಯುವ ಗುಣಕ್ಕಾಗಿ. ಈ ಪುಸ್ತಕದಲ್ಲಿ ವಾಕ್ಯಗಳು ಅದಕ್ಕಿಂತ ಹಗುರ, ಕಥೆಯ ನಡೆ ಹೆಚ್ಚು ಚುರುಕು. 2022ರ ಆಗಸ್ಟಿನಲ್ಲಿ ಅವರ ಮೇಲೆ ಘೋರ ಹಲ್ಲೆಯಾಗಿ ಒಂದು ಕಣ್ಣಿನ ದೃಷ್ಟಿ ಹೋಯಿತು; ಕಾದಂಬರಿ ಅದಕ್ಕೆ ಮೊದಲೇ ಬರೆದು ಮುಗಿದಿತ್ತು. ಪಂಪಾ ಕಂಪನೆಯ ಕಣ್ಣು ಕೀಳಿಸಿದ ಪ್ರಸಂಗವನ್ನು ಇಂದು ಓದುವವರಿಗೆ ಈ ಸಂಗತಿ ಮನಸ್ಸಿಗೆ ಬಾರದಿರದು. ಅದು ಕಾದಂಬರಿಯ ಗುಣವೂ ಅಲ್ಲ, ದೋಷವೂ ಅಲ್ಲ.

ಶೈಲಿ ಹಾಗೂ ವಸ್ತುಗಳನ್ನು ಬೇರೆ ಬೇರೆಯಾಗಿ ತೂಗಬಹುದೆ? ರೀತಿಯೇ ಕಾವ್ಯದ ಆತ್ಮವೆಂದು ವಾಮನ ಹೇಳಿದ. ಅಲಂಕಾರವನ್ನೂ ಅಲಂಕಾರ್ಯವನ್ನೂ ನಿಜವಾಗಿ ಬೇರ್ಪಡಿಸಲಾಗದೆಂದು ಕುಂತಕ ತೋರಿಸಿದ. ಈ ವಿಚಾರವನ್ನು ಅಲಂಕಾರಶಾಸ್ತ್ರ ಬಲ್ಲವರಿಗೆ ಬಿಡೋಣ. ಕನ್ನಡದ ಐತಿಹಾಸಿಕ ಕಾದಂಬರಿಯಲ್ಲಿ ಮಾತ್ರ ತಕ್ಕಡಿ ಬಹುಮಟ್ಟಿಗೆ ವಸ್ತುವಿನ ಕಡೆಗೇ ವಾಲಿದೆ. ಗಳಗನಾಥರ ‘ಮಾಧವ ಕರುಣಾವಿಲಾಸ’ ವಿಜಯನಗರದ ಸ್ಥಾಪನೆಯನ್ನು ಭಕ್ತಿಯಿಂದ ಹೇಳಿತು. ಅ.ನ.ಕೃ. ಅವರು ವಿಜಯನಗರವನ್ನು ಕುರಿತು ಕಾದಂಬರಿಗಳ ಮಾಲೆಯನ್ನೇ ಕಟ್ಟಿದರು. ಎಸ್. ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಪ್ರಕಟವಾದಾಗ, ಅದು ಕಾದಂಬರಿಯೋ ಕಾದಂಬರಿಯ ವೇಷದ ವಾದವೋ ಎಂದು ನಾಡಿನಲ್ಲೆಲ್ಲ ಚರ್ಚೆಯಾಯಿತು. ಆ ಪುಸ್ತಕ ತೆರೆಯುವುದೂ ಹಂಪೆಯಲ್ಲಿಯೇ, ಸಾಕ್ಷ್ಯಚಿತ್ರ ತೆಗೆಯಲು ಬಂದ ದಂಪತಿಗಳಿಂದ. ಆಧಾರಗ್ರಂಥಗಳ ಪಟ್ಟಿ ಅದರ ಕಥೆಯ ಅಂಗವಾಗಿಯೇ ಬರುತ್ತದೆ. ನಮ್ಮ ಸೀಮೆಯವರೇ ಆದ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಯಲ್ಲಿ (ಅದಕ್ಕೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು) ಥಾಮಸ್ ಮನ್ರೋ ಪಾತ್ರವಾಗಿ ಬರುತ್ತಾನೆ, ಆದರೆ ಅಲ್ಲಿ ಓದುಗನನ್ನು ಹಿಡಿಯುವುದು ಬಳ್ಳಾರಿ ಸೀಮೆಯ ಆಡುಮಾತಿನ ಪ್ರವಾಹ. ಅಂದಮೇಲೆ ಶೈಲಿ ಮುಂದಾಗಿ ಇತಿಹಾಸ ಹಿಂದಾಗುವುದು ಹೊರಗಿನಿಂದ ಬಂದ ವ್ಯಾಧಿಯೇನೂ ಅಲ್ಲ.

ಈಗ ಕಂಪ್ಲಿಗೆ ಬರೋಣ. ಕಾದಂಬರಿಯ ನಿರೂಪಕ ಕಂಪಿಲನ ರಾಜ್ಯವನ್ನು ಲೆಕ್ಕಕ್ಕೆ ಬಾರದ ಅಲ್ಪ ರಾಜ್ಯವೆಂಬಂತೆ ತುಸು ಹಾಸ್ಯದಿಂದಲೇ ಕಾಣುತ್ತಾನೆ. ಇಲ್ಲಿ ನಮಗೆ ಮೊದಲ ಆಕ್ಷೇಪವಿದೆ. ಕಂಪ್ಲಿ ಅಷ್ಟು ಹಗುರವಾದ ಊರಲ್ಲ. 11ನೆಯ ಶತಮಾನದಲ್ಲಿ ಅಲ್ಲಿ ಚಾಲುಕ್ಯರ ಅರಮನೆಯಿತ್ತು. ಅದನ್ನು ಕೆಡವಿದ್ದನ್ನು ಚೋಳ ರಾಜಾಧಿರಾಜನ ಶಾಸನಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಮುಮ್ಮಡಿ ಸಿಂಗೆಯನಾಯಕನ ಮಗನಾದ ಕಂಪಿಲನು ದೇವಗಿರಿಯ ಸೇವುಣರ ಪತನಾನಂತರ ತುಂಗಭದ್ರೆಯ ಇಕ್ಕೆಲದಲ್ಲೂ ಸ್ವತಂತ್ರನಾಗಿ ನಿಂತವನು. ಸುಲ್ತಾನ ಮಹಮ್ಮದ್ ಬಿನ್ ತುಗಲಕನ ಸೋದರಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪನು ಸಗರದಲ್ಲಿ ದಂಗೆಯೆದ್ದು ಸೋತು ಓಡಿ ಬಂದಾಗ ಕಂಪಿಲ ಅವನಿಗೆ ಆಶ್ರಯ ಕೊಟ್ಟ. ಆ ಆಶ್ರಯದ ಬೆಲೆಯೇ 1327ರ ಸುಮಾರಿನ ಸರ್ವನಾಶ. ಅತಿಥಿಯನ್ನು ಹೊಯ್ಸಳ ಬಲ್ಲಾಳನ ಬಳಿಗೆ ಕಳುಹಿಸಿ, ಕಂಪಿಲನು ಬೆಂಕಿಯನ್ನು ಹೊತ್ತಿಸಿದ. ಹೆಂಗಸರು ಮಿಂದು, ಗಂಧ ಪೂಸಿಕೊಂಡು, ಅವನ ಮುಂದೆ ನೆಲಮುಟ್ಟಿ ನಮಸ್ಕರಿಸಿ ಅದರಲ್ಲಿ ಬಿದ್ದರು. ಆಮೇಲೆ ಗಂಡಸರು ಹೋರಾಡಿ ಸತ್ತರು. ಇದನ್ನು ಬರೆದಿಟ್ಟವನು ಮೊರಾಕೋ ದೇಶದ ಪ್ರವಾಸಿ ಇಬ್ನ್ ಬತೂತ. ಸೆರೆಯಾಗಿ ದೆಹಲಿಗೆ ಹೋಗಿ ಮತಾಂತರ ಹೊಂದಿದ ಕಂಪಿಲನ ಮಕ್ಕಳಲ್ಲಿ ಮೂವರನ್ನು ತಾನು ಬಲ್ಲೆನೆಂದೂ ಅವನು ಹೇಳುತ್ತಾನೆ. ಅಂದರೆ ಈ ಬೆಂಕಿಯ ವಾರ್ತೆ ಘಟನೆಗೆ ತೀರ ಸಮೀಪದ್ದು.

ಕಾದಂಬರಿಯ ಈ ಮೊದಲ ಪುಟಗಳಲ್ಲಿ ಶೈಲಿ ತನ್ನನ್ನು ತಾನು ಹತ್ತಿಕ್ಕಿಕೊಂಡಿದೆ. ರಾಜನನ್ನು ಕುರಿತ ಹಾಸ್ಯ ಹೆಂಗಸರ ಸಾಲು ಹೊಳೆಯ ದಡದ ಕಡೆಗೆ ನಡೆಯುವಾಗ ನಿಂತುಹೋಗುತ್ತದೆ. ಇಬ್ನ್ ಬತೂತನ ವರದಿಯಲ್ಲಿ ಆ ಹೆಂಗಸರು ಒಂದು ಮೊತ್ತ ಮಾತ್ರ. ಅವರಿಗೆ ಹೆಸರಿಲ್ಲ, ಹಿಂದೆ ಉಳಿದವರಿಲ್ಲ. ಕಾದಂಬರಿಕಾರರು ಅವರಲ್ಲಿ ಒಬ್ಬಳಿಗೆ ಕಸುಬು ಕೊಟ್ಟರು, ಒಬ್ಬ ಮಗಳನ್ನು ಕೊಟ್ಟರು, ಆ ಮಗಳಿಂದ ತಾಯಿಯ ನಿರ್ಧಾರವನ್ನು ಒಪ್ಪದ ಒಂದು ಪ್ರತಿಜ್ಞೆಯನ್ನು ಮಾಡಿಸಿದರು. ಆಕರ ಮೌನವಾಗಿರುವಲ್ಲಿ ಕಲ್ಪನೆ ಮಾತನಾಡಿದೆ, ಆಕರವನ್ನು ತಿರುಚಿಲ್ಲ.

ನಮ್ಮ ಜನ ಈ ಪತನವನ್ನು ನೆನಪಿಟ್ಟುಕೊಂಡ ಬಗೆ ಬೇರೆಯದು ಎಂಬುದನ್ನು ಇಲ್ಲಿಯೇ ಹೇಳಬೇಕು. ಕಂಪಿಲನ ಮಗ ಕುಮಾರರಾಮ, ಅವನ ಮೇಲೆ ಮೋಹಗೊಂಡ ಮಲತಾಯಿ ರತ್ನಾಜಿ, ಅವನ ಶೌರ್ಯ, ಅವನ ತಲೆ – ಇದು ನಮ್ಮವರು ಹಾಡಿದ ಕಥೆ. ನಂಜುಂಡ ಕವಿಯೂ ಪಾಂಚಾಳ ಗಂಗನೂ ಇದನ್ನು ಸಾಂಗತ್ಯದಲ್ಲಿ ಹಾಡಿದರು. ಸಂಡೂರಿನ ಬೆಟ್ಟಸಾಲಿನ ರಾಮನಮಲೆ, ಹೊಳೆಯಾಚೆಯ ಕುಮ್ಮಟದುರ್ಗ ಇವು ಇಂದಿಗೂ ಜನರ ಬಾಯಲ್ಲಿ ಕುಮಾರರಾಮನ ಸ್ಥಳಗಳು. ಈ ಕಥಾಪರಂಪರೆಯಲ್ಲಿ ಪರನಾರಿ ಸಹೋದರನಾದ ವೀರನೇ ಕೇಂದ್ರ, ಅಗ್ನಿಪ್ರವೇಶ ಅವನ ಕಥೆಯ ಅಂಚು. ರಶ್ದಿಯವರು ಅಂಚನ್ನು ನಡುವಿಗೆ ತಂದು ವೀರನನ್ನು ಬಿಟ್ಟೇಬಿಟ್ಟರು. ಕುಮಾರರಾಮನಿಲ್ಲದ ಕಂಪ್ಲಿಯ ಕಥೆಯೆಂದರೆ ಈ ಸೀಮೆಯ ಓದುಗನಿಗೆ ಉತ್ಸವಮೂರ್ತಿಯಿಲ್ಲದ ತೇರಿನಂತೆ ಕಾಣಬಹುದು. ಆದರೆ ಸಾಂಗತ್ಯದ ಕವಿಗಳೂ ಆರಿಸಿಯೇ ಹಾಡಿದವರು. ಒಬ್ಬರ ಆಯ್ಕೆಯನ್ನು ಇತಿಹಾಸವೆಂದೂ ಇನ್ನೊಬ್ಬರದನ್ನು ಶೈಲಿಯ ಚಪಲವೆಂದೂ ಕರೆಯುವುದು ನ್ಯಾಯವಲ್ಲ.

ಬೀಜದಿಂದ ಮೊಳೆತ ನಗರ, ಕಿವಿಯಲ್ಲಿ ಪಿಸುಗುಟ್ಟಿ ತುಂಬಿದ ನೆನಪು – ಇವು ಪುಸ್ತಕದ ಅತ್ಯಂತ ಪ್ರಸಿದ್ಧ ಕಲ್ಪನೆಗಳು; ಶುದ್ಧ ಚಮತ್ಕಾರವೆಂದು ನಮ್ಮ ಸಹೋದ್ಯೋಗಿಗಳು ತಳ್ಳಿಹಾಕಿದ್ದೂ ಇವನ್ನೇ. ಇಲ್ಲಿ ತುಸು ನಿಧಾನಿಸಬೇಕು. ವಿದ್ಯಾರಣ್ಯರು ಹರಿಹರ ಬುಕ್ಕರಿಂದ 1336ರಲ್ಲಿ ನಗರವನ್ನು ಕಟ್ಟಿಸಿದರು, ಮೊಲವೊಂದು ಬೇಟೆನಾಯಿಗಳನ್ನೇ ಅಟ್ಟಿಸಿಕೊಂಡು ಹೋದ ಸ್ಥಳದಲ್ಲಿ ರಾಜಧಾನಿ ಎದ್ದಿತು ಎಂಬ ಕಥೆಯನ್ನು ಶಾಲೆಯಿಂದಲೇ ಎಲ್ಲರೂ ಕೇಳಿದ್ದೇವೆ. ಶಾಸನಗಳು ಏನು ಹೇಳುತ್ತವೆ? 1346ರಲ್ಲಿ ಸಂಗಮ ಸಹೋದರರು ಶೃಂಗೇರಿಗೆ ಹೋಗಿ ದಾನ ಕೊಟ್ಟದ್ದು ಭಾರತೀತೀರ್ಥರಿಗೆ. ವಿದ್ಯಾರಣ್ಯರು ಪೀಠದ ಅಧಿಪತಿಗಳಾಗಿ ಕಾಣುವುದು ಆ ಶತಮಾನದ ಕೊನೆಯ ಭಾಗದಲ್ಲಿ. 1336ರ ತೇದಿ ಹೊತ್ತು ವಿದ್ಯಾರಣ್ಯರನ್ನು ಸ್ಥಾಪಕರೆನ್ನುವ ತಾಮ್ರಪಟಗಳು ಅನಂತರ ಸೃಷ್ಟಿಸಿದವೆಂದು ಹಲವು ವಿದ್ವಾಂಸರು ತೀರ್ಮಾನಿಸಿದ್ದಾರೆ. ಸ್ಥಾಪನೆಯ ಐತಿಹ್ಯ ಪೂರ್ಣರೂಪ ಪಡೆದದ್ದು ಬಹುಮಟ್ಟಿಗೆ 16ನೆಯ ಶತಮಾನದಲ್ಲಿ. ಸಹೋದರರ ಮೂಲದ ಬಗೆಗಂತೂ ಒಮ್ಮತವಿಲ್ಲ: ಕಂಪಿಲನ ಸೇವೆಯಲ್ಲಿದ್ದು ಸೆರೆಯಾಗಿ ದೆಹಲಿಗೆ ಹೋಗಿ ಮರಳಿದವರೆಂದು ಒಂದು ಪಕ್ಷ, ಹೊಯ್ಸಳರ ಅಧಿಕಾರಿಗಳೆಂದು ಇನ್ನೊಂದು ಪಕ್ಷ. ಹೀಗೆ, ಹೊಸದಾಗಿ ಎದ್ದ ರಾಜ್ಯಕ್ಕೆ ಹಳೆಯ ಪವಿತ್ರ ನೆನಪನ್ನು ಆಮೇಲೆ ಯಾರೋ ಪಿಸುಗುಟ್ಟಿದರು ಎಂಬುದು ಚಮತ್ಕಾರವಲ್ಲ, ಶಾಸನಶಾಸ್ತ್ರದ ತೀರ್ಮಾನಕ್ಕೆ ಬಹು ಸಮೀಪದ ಮಾತು. ಒಂದು ಇಡೀ ಪ್ರೌಢಪ್ರಬಂಧದ ವಿಷಯವನ್ನು ಕಾದಂಬರಿಕಾರರು ಒಂದು ರೂಪಕದಲ್ಲಿ ಹಿಡಿದಿದ್ದಾರೆ. ಇಂಥ ಕಡೆ ಶೈಲಿಯೇ ವಸ್ತು.

ಆದರೂ ಆ ರೂಪಕಕ್ಕೆ ಒಂದು ಕೊರತೆ ಇದೆ. ಬೀಜ ಬಿದ್ದ ನೆಲ ಬರಿಯ ನೆಲವಾಗಿರಲಿಲ್ಲ. ಪಂಪೆ ಹಂಪೆಯಾದುದು ಕನ್ನಡ ನುಡಿಯಲ್ಲಿ ಪಕಾರ ಹಕಾರವಾದ ಕಾಲದ ಗುರುತು. ಆ ಹೆಸರೇ ಊರಿನ ವಯಸ್ಸನ್ನು ಹೇಳುತ್ತದೆ. ಸಂಗಮರಿಗಿಂತ ಬಹಳ ಮೊದಲೇ ಹರಿಹರ ಕವಿ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ರಗಳೆಗಳನ್ನೂ ‘ಗಿರಿಜಾಕಲ್ಯಾಣ’ವನ್ನೂ ರಚಿಸಿದ್ದ, ಅವನ ಸೋದರಳಿಯ ರಾಘವಾಂಕ ‘ಹರಿಶ್ಚಂದ್ರಕಾವ್ಯ’ವನ್ನು ಬರೆದಿದ್ದ. ನೆನಪಿಲ್ಲದ ಜನರ ಕಿವಿಗೆ ಪಿಸುಗುಟ್ಟುವ ಅಗತ್ಯ ಇಲ್ಲಿ ಇರಲಿಲ್ಲ. ಇದ್ದ ನೆನಪಿನ ಮೇಲೆ ಹೊಸದನ್ನು ಬರೆಯುವುದಷ್ಟೇ ಆಗಬೇಕಿತ್ತು. ಕಾದಂಬರಿ ಈ ಹಳೆಯ ಪದರವನ್ನು ಕಾಣದೆ ಹೋದುದರಿಂದ ಅದರ ನಗರದಲ್ಲಿ ಕನ್ನಡದ ಸದ್ದು ಇಲ್ಲ. ಕೃಷ್ಣದೇವರಾಯನ ಪಟ್ಟಾಭಿಷೇಕದ ಸಂದರ್ಭವನ್ನು ಹೇಳುವ ವಿರೂಪಾಕ್ಷ ದೇವಾಲಯದ ಶಾಸನ ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಇದೆ, ಅದೇ ರಾಯ ‘ಆಮುಕ್ತಮಾಲ್ಯದ’ವನ್ನು ಬರೆದದ್ದು ತೆಲುಗಿನಲ್ಲಿ, ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಚಾಮರಸ ಮೊದಲಾದವರು ಕನ್ನಡದಲ್ಲಿ ಬರೆಯುತ್ತಿದ್ದರು. ಹಲವು ನುಡಿಗಳು ಒಂದೇ ಬೀದಿಯಲ್ಲಿ ಉಜ್ಜಾಡುತ್ತಿದ್ದ ನಗರ ಇಂಗ್ಲಿಷಿನ ಒಂದೇ ಹದದ ಹಾಸ್ಯದಲ್ಲಿ ಮಟ್ಟಸವಾಗಿದೆ. ಅಲ್ಲಿನ ಪ್ರತಿಯೊಬ್ಬರೂ ಒಂದೇ ಜಾಣತನದಿಂದ ಮಾತನಾಡುತ್ತಾರೆ. ಶೈಲಿ ವಸ್ತುವನ್ನು ಮುಚ್ಚಿತೆಂಬ ಆಕ್ಷೇಪಣೆ ನಿಜವಾಗಿ ತಟ್ಟುವುದು ಇಲ್ಲಿ.

ಇನ್ನು ಪುಸ್ತಕದಲ್ಲಿ ಬರುವ ಹೆಂಗಸರು. ಕಾದಂಬರಿಯ ಬಿಸ್ನಗದಲ್ಲಿ ಹೆಂಗಸರು ಕಾವಲು ಕಾಯುತ್ತಾರೆ, ಲೆಕ್ಕ ಬರೆಯುತ್ತಾರೆ, ಗಂಡಸರ ಸಮಕ್ಕೆ ಕಸುಬು ಮಾಡುತ್ತಾರೆ. ಇಂದಿನ ವಿಚಾರವನ್ನು ಹಿಂದಿನ ಕಾಲಕ್ಕೆ ಹೊದಿಸಿದ್ದಾರೆಂದು ಇದನ್ನು ಹಲವರು ಆಡಿಕೊಂಡರು. ಆದರೆ ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಏನು ಬರೆದಿದ್ದಾನೆ? ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರಿದ್ದರು, ಜ್ಯೋತಿಷ್ಯ ಹೇಳುವ ಹೆಂಗಸರಿದ್ದರು, ಬಾಗಿಲೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆಯುವ ಹೆಂಗಸರಿದ್ದರು, ರಾಜ್ಯದ ಆಗುಹೋಗುಗಳನ್ನು ಬರೆದು ಹೊರಗಿನ ಲೇಖಕರ ಪುಸ್ತಕಗಳೊಂದಿಗೆ ತಾಳೆ ನೋಡುವ ಹೆಂಗಸರೂ ಇದ್ದರು ಎಂದು. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್ ಮತ್ತು ಈ ನೂನಿಜ್ ಇಬ್ಬರ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ದೊರೆತು 1897ರಲ್ಲಿ ಅಚ್ಚಾದುವು. 1900ರಲ್ಲಿ ರಾಬರ್ಟ್ ಸೂಯೆಲ್ ಅವನ್ನು ಇಂಗ್ಲಿಷಿಗೆ ತಂದು ತನ್ನ ‘ಎ ಫರ್‌ಗಾಟನ್ ಎಂಪೈರ್’ನಲ್ಲಿ ಸೇರಿಸಿದ. ಕಾದಂಬರಿಕಾರರು ಇವರಿಬ್ಬರ ಹೆಸರುಗಳನ್ನು ಕಲಸಿ ‘ಡೊಮಿಂಗೊ ನೂನಿಜ್’ ಎಂಬ ಪಾತ್ರವನ್ನು ಮಾಡಿ, ವಿಜಯನಗರವೆಂಬ ಹೆಸರು ಅವನ ನಾಲಗೆಗೆ ಹೊರಳದೆ ‘ಬಿಸ್ನಗ’ ಆಯಿತೆಂದು ನಗಿಸುತ್ತಾರೆ. ಪೋರ್ಚುಗೀಸರು ನಗರವನ್ನು ಹಾಗೆ ಕರೆಯುತ್ತಿದ್ದುದು ದಿಟ. ಹೆಸರುಗಳೊಡನೆ ಆಟವಾಡಿದರೂ ಹೆಂಗಸರ ವಿಷಯದಲ್ಲಿ ಅವರು ಆಕರವನ್ನು ಶ್ರದ್ಧೆಯಿಂದ ಓದಿದ್ದಾರೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ವಿಚಾರಗೋಷ್ಠಿಗೆ ಬರೆದ ಪ್ರಬಂಧದಲ್ಲಿ ಪಂಪಾ ಕಂಪನೆಯನ್ನು ಬುಕ್ಕರಾಯನ ರಾಣಿಯೆಂದೂ ಮಹಾಕಾವ್ಯದ ಕರ್ತೃವೆಂದೂ ನಮೂದಿಸಿದ್ದಳು. ಮೂಲವನ್ನು ಓದಿರಲಿಲ್ಲ, ಯಾರೋ ಕಥೆಯನ್ನು ಮಾತ್ರ ಹೇಳಿದ್ದರು. ಶೈಲಿಯನ್ನು ಸೋಸಿ ತೆಗೆದರೆ ನಿರೂಪಕನ ತುಂಟ ನಗೆಯೂ ಹೋಗುತ್ತದೆ. ಕೈಗೆ ಬರುವುದು ಇತಿಹಾಸವೆಂದು ನಂಬಬಹುದಾದ ಒಣ ಕಥೆ. ನಾವು ಕೆಂಪು ಶಾಯಿಯಿಂದ ಗೀಟು ಹಾಕಿ ‘ಇಂಥವಳು ಇರಲಿಲ್ಲ’ ಎಂದು ಬರೆದೆವು. ಆಕೆ ಬಂದು, “ಹಾಗಾದರೆ ಕಾವ್ಯ ಬರೆದ ಹೆಂಗಸು ಆ ಕಾಲದಲ್ಲಿ ಯಾರೂ ಇರಲಿಲ್ಲವೇ ಸಾರ್?” ಎಂದು ಕೇಳಿದಳು. ಇದ್ದಳು. ಬುಕ್ಕರಾಯನ ಮಗನಾದ ಕುಮಾರ ಕಂಪನನ ಪತ್ನಿ ಗಂಗಾದೇವಿ. ಪತಿಯ ಮಧುರೆಯ ವಿಜಯವನ್ನು ಅವಳು ‘ಮಧುರಾವಿಜಯ’ವೆಂಬ ಸಂಸ್ಕೃತ ಮಹಾಕಾವ್ಯದಲ್ಲಿ ಹಾಡಿದಳು, ಐದು ಶತಮಾನ ಮರೆಯಾಗಿದ್ದ ಆ ಕಾವ್ಯದ ಓಲೆಪ್ರತಿ 1916ರಲ್ಲಿ ತಿರುವನಂತಪುರದಲ್ಲಿ ದೊರೆಯಿತು, ಅಲ್ಲಲ್ಲಿ ಶಿಥಿಲವಾಗಿ, ಶ್ಲೋಕಗಳು ಮುರಿದು. ಅಚ್ಯುತರಾಯನ ಕಾಲದ ತಿರುಮಲಾಂಬೆಯ ‘ವರದಾಂಬಿಕಾ ಪರಿಣಯ ಚಂಪೂ’ ಸಹ ಹೀಗೆಯೇ ತಂಜಾವೂರಿನ ಗ್ರಂಥಭಂಡಾರದಿಂದ ಹೊರಬಂದದ್ದು 20ನೆಯ ಶತಮಾನದಲ್ಲಿ. ಕಳೆದುಹೋಗಿ ಮತ್ತೆ ದೊರೆತ ಹೆಣ್ಣಿನ ಕಾವ್ಯ ಎಂಬ ಕಾದಂಬರಿಯ ಚೌಕಟ್ಟು, ಕಂಪನಾ ಎಂಬ ಹೆಸರು, ಎರಡೂ ಗಾಳಿಯಿಂದ ಹುಟ್ಟಿದವಲ್ಲ. ನಾವು ವರ್ಷವರ್ಷವೂ ಗಂಗಾದೇವಿಯನ್ನು ‘ಸಾಹಿತ್ಯಕ್ಕೆ ಪ್ರೋತ್ಸಾಹ’ ಎಂಬ ಶೀರ್ಷಿಕೆಯ ಅಡಿಯಲ್ಲಿ ಅರ್ಧ ವಾಕ್ಯದಲ್ಲಿ ಮುಗಿಸುತ್ತಿದ್ದೆವು. ವಿದ್ಯಾರ್ಥಿನಿಯ ತಪ್ಪು ನಮ್ಮ ಟಿಪ್ಪಣಿಗಿಂತ ನಿಜಕ್ಕೆ ಹತ್ತಿರವಿತ್ತು.

ಪುಸ್ತಕದ ಮಧ್ಯಭಾಗವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮಾಯೆಯ ಅರಣ್ಯದ ವನವಾಸ ಹಿತಮಿತವಾಗಿದ್ದರೆ ಚೆನ್ನಿತ್ತು. ಸಂಗಮರಿಂದ ಸಾಳುವರಿಗೆ, ಸಾಳುವರಿಂದ ತುಳುವರಿಗೆ ರಾಜ್ಯ ಕೈಬದಲಾದುದು ಚುಟುಕುಗಳಲ್ಲಿ ಓಡುತ್ತದೆ. ಮಾಯೆಗೆ ಎಲ್ಲವೂ ಸಾಧ್ಯವಾದಾಗ ಯಾವುದಕ್ಕೂ ಬೆಲೆ ತೆರಬೇಕಾಗುವುದಿಲ್ಲ. ಓದುಗನ ಎದೆ ಬಡಿದುಕೊಳ್ಳುವುದು ಮಾಯೆ ಕೈಕೊಟ್ಟಲ್ಲಿ ಮಾತ್ರ. ತಿಮ್ಮರಸು ಮತ್ತು ಪಂಪಾ ಕಂಪನೆಯರ ಕಣ್ಣು ಕೀಳಿಸುವ ಪ್ರಕರಣ ಅಂಥದು. ತಿಮ್ಮರಸನಿಗೆ ಆದ ಶಿಕ್ಷೆಯ ಕಥೆಯನ್ನು ನೂನಿಜನೇ ಹೇಳಿದ್ದಾನೆ.

ಬೆಲೆಯ ಮಾತು ಬಂದುದರಿಂದ ನೀರಿನ ವಿಷಯಕ್ಕೆ ಬರಬೇಕು. ನಮ್ಮ ಮುಖ್ಯ ಆಕ್ಷೇಪಣೆ ಇರುವುದೂ ಇಲ್ಲಿಯೇ. ನಗರ ಬೀಜದಿಂದ ಬೆಳೆಯಿತೆಂಬ ಕಥೆಗೆ ನಮ್ಮ ತಕರಾರಿಲ್ಲ. ಆದರೆ ಬೀಜಕ್ಕೆ ನೀರು ಬೇಕಷ್ಟೆ. ಮಳೆ ಕಡಮೆಯಾದ ಈ ಬಂಡೆಗಳ ನಾಡಿನಲ್ಲಿ ನಗರ ನಿಂತದ್ದು ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಅಣೆಗಳ ಮೇಲೆ, ತುರ್ತು ಕಾಲುವೆ, ಹಿರಿಯ ಕಾಲುವೆ, ಕಮಲಾಪುರದ ಕೆರೆಗಳ ಮೇಲೆ. ಕೊರ್ರಗಲ್ಲಿನ ಅಣೆ ಮತ್ತು ಬಸವಣ್ಣ ಕಾಲುವೆ 1521ರ ಕೆಲಸವೆಂದು ಸೂಯೆಲ್ ಹೇಳುತ್ತಾನೆ. 1565ರಲ್ಲಿ ಅರಮನೆಗಳು ಬಿದ್ದುವು, ಕಾಲುವೆಗಳು ಬೀಳಲಿಲ್ಲ. ತುಂಗಭದ್ರಾ ಜಲಾಶಯ ಬಂದ ಮೇಲೂ ಹೊಸಪೇಟೆಯಿಂದ ಕಂಪ್ಲಿಯವರೆಗಿನ ಬತ್ತ, ಬಾಳೆ, ಕಬ್ಬಿನ ಗದ್ದೆತೋಟಗಳು ಉಣ್ಣುತ್ತಿರುವುದು ಬಹುಪಾಲು ರಾಯರ ಕಾಲದ ಕಾಲುವೆಗಳ ದಾರಿಯಲ್ಲಿ ಹರಿದು ಬರುವ ನೀರನ್ನೇ. ಕಾದಂಬರಿಯ ಕಣ್ಣು ಮಾತ್ರ ಅರಮನೆಯನ್ನು ಬಿಟ್ಟು ಬಹಳ ಹೊತ್ತು ಕದಲುವುದಿಲ್ಲ.

ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರಿನ ಬೆಟ್ಟಸಾಲು ಬಯಲಿಗೆ ತೆರೆಯುವ ಕಣಿವೆಯ ಬಾಯಲ್ಲಿ, ಎರಡು ಗುಡ್ಡಗಳ ನಡುವೆ ಒಂದು ದೊಡ್ಡ ಏರಿಯ ಉಳಿಕೆ ಇದೆ. ರಾಯರ ಕೆರೆ ಎನ್ನುತ್ತಾರೆ. ಅದರ ಒಡಲಿನಲ್ಲಿ ಈಗ ಕೆರೆಯ ನೀರಿಲ್ಲ. ಕೃಷ್ಣದೇವರಾಯ ತನ್ನ ಹೊಸ ಊರಾದ ನಾಗಲಾಪುರಕ್ಕೆ, ಎಂದರೆ ಇಂದಿನ ಹೊಸಪೇಟೆಗೆ, ನೀರು ಒದಗಿಸಲು ಕಟ್ಟಿಸಿದ ಕೆರೆ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಪಾಯಸ್ ಆ ಕೆಲಸ ನಡೆಯುತ್ತಿದ್ದುದನ್ನು ನಿಂತು ನೋ‌ಡಿದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡು ದುಡಿಯುತ್ತಿದ್ದರು, ಅವರ ಕಾಲಡಿಯ ನೆಲವೇ ಕಾಣುತ್ತಿರಲಿಲ್ಲವೆಂದು ಬರೆದ. ಏರಿ ಎರಡು ಮೂರು ಸಲ ಒಡೆಯಿತಂತೆ. ದೇವರು ರಕ್ತ ಬೇಡುತ್ತಾನೆಂದು ಬ್ರಾಹ್ಮಣರು ಹೇಳಲು, ಅರವತ್ತು ಜನರ, ಕೆಲವು ಕುದುರೆ ಕೋಣಗಳ ತಲೆಯನ್ನು ರಾಯ ಹೊಡೆಸಿದನಂತೆ. ನೂನಿಜ್ ಇದೇ ಕೆರೆಯ ಲೆಕ್ಕವನ್ನು ಕೊಡುತ್ತಾನೆ: ಪೋರ್ಚುಗೀಸ್ ಕಲ್ಲುಕೆಲಸಗಾರನೊಬ್ಬನ ನೆರವು, ಸಾಗುವಳಿ ಮಾಡುವವರಿಗೆ ಒಂಬತ್ತು ವರ್ಷ ಕಂದಾಯದ ಮಾಫಿ, ಆಮೇಲೆ ಇಪ್ಪತ್ತು ಸಾವಿರ ಪರ್ದಾವುಗಳ ಹುಟ್ಟುವಳಿ. ಬಲಿಯ ಕಥೆ ಪಾಯಸ್ ಕಂಡದ್ದೋ ಕೇಳಿದ್ದೋ ಎಂಬುದನ್ನು ವಿಚಾರಿಸಬೇಕು. ಆದರೆ ಆ ಇರುವೆಗಳಂಥ ಜನವನ್ನು ಅವನು ಕಂಡದ್ದು ನಿಜ.

ಕಾದಂಬರಿಕಾರನಿಗೆ ಇದಕ್ಕಿಂತ ಅದ್ಭುತವಾದ ವಸ್ತು ಬೇಕೆ? ಇದು ಮಾಯೆಗಿಂತ ವಿಚಿತ್ರ, ಮತ್ತು ಇದಕ್ಕೆ ತೆತ್ತ ಬೆಲೆಯೂ ದಾಖಲಾಗಿದೆ. ರಶ್ದಿಯವರ ದೋಷ ಇತಿಹಾಸವನ್ನು ಓದದಿರುವುದಲ್ಲ. ತಾವು ನೋಡಿದ ಇತಿಹಾಸಗ್ರಂಥಗಳನ್ನು ಅವರು ಪುಸ್ತಕದ ಕೊನೆಯಲ್ಲಿ ಸ್ಮರಿಸಿದ್ದಾರೆ. ಕಂಪ್ಲಿಯ ಬೆಂಕಿಯ ಮುಂದೆ, ಲೆಕ್ಕ ಬರೆಯುವ ಹೆಂಗಸರ ಮುಂದೆ, ಹೂತ ಕಾವ್ಯದ ಮುಂದೆ ಅವರು ನಿಂತು ನೋಡಿದರು. ಅಲ್ಲೆಲ್ಲ ಶೈಲಿ ಮತ್ತು ವಸ್ತು ಒಂದೇ ಆದುವು. ಏರಿಯ ಮೇಲೆ ಮಣ್ಣು ಹೊತ್ತವರ ಮುಂದೆ, ಬೀದಿಯ ನುಡಿಗಳ ಮುಂದೆ ಅವರು ನಿಲ್ಲಲಿಲ್ಲ. ಅಲ್ಲಿ ವಾಕ್ಯಗಳು ಮಾತ್ರ ಸೊಗಸಾಗಿ ಮುಂದೆ ಸಾಗಿದುವು. ಇತಿಹಾಸದ ಪಠ್ಯಪುಸ್ತಕಗಳೂ ಆ ಮಣ್ಣು ಹೊತ್ತವರ ಮುಂದೆ ಹೆಚ್ಚು ಹೊತ್ತು ನಿಂತಿಲ್ಲವೆಂಬುದನ್ನು ಮರೆತು ನಾವು ಈ ಆಕ್ಷೇಪಣೆಯನ್ನು ಎತ್ತುತ್ತಿಲ್ಲ.

ಈ ವರ್ಷ ತರಗತಿಯವರನ್ನು ಹಂಪೆಗೆ ಕರೆದೊಯ್ಯುವ ಮೊದಲು ರಾಯರ ಕೆರೆಯ ಏರಿಗೆ ಕರೆದುಕೊಂಡು ಹೋದೆವು. ಪಾಯಸನ ವರ್ಣನೆಯ ಕನ್ನಡ ಸಾರಾಂಶವನ್ನು ಅಲ್ಲಿಯೇ ಓದಿ, ಕಾದಂಬರಿಯ ಬೀಜದ ಪ್ರಕರಣವನ್ನೂ ಹೇಳಿದೆವು. ಅದೇ ವಿದ್ಯಾರ್ಥಿನಿ ಏರಿಯ ಕಲ್ಲುಕಟ್ಟಡವನ್ನು ಹೆಜ್ಜೆಯಿಂದ ಅಳೆಯುತ್ತಾ ಹೋಗಿ, ಅರ್ಧ ದಾರಿಯಲ್ಲಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಬಸ್ಸಿನ ಚಾಲಕ ಹೊತ್ತಾಯಿತೆಂದು ಎರಡು ಸಲ ಹಾರನ್ ಮಾಡಿದ.